ಬಾಡಿಗೆ ಮನೆ: "ಇಲ್ಲ" ಅನ್ನುವುದು ಹೇಗೆ?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಅಮೆರಿಕಾಕ್ಕೆ ಬಂದು ನೆಲೆಸಿದ ನಮ್ಮಂಥವರು ಅದಕ್ಕೆ ಇನ್ನೊಂದನ್ನು ಸೇರಿಸಬಹುದು: ಮನೆ ಬಾಡಿಗೆಗೆ ಕೊಟ್ಟು ನೋಡು! ಹೋದ ವರ್ಷ ನಾವು ಡಲ್ಲಾಸಿನ ಉತ್ತರಕ್ಕೆ ಹೊಸ ಮನೆಗೆ ಬಂದೆವು. ಹನ್ನೊಂದು ವರ್ಷ ಬಾಳಿದ ಹಳೆಯ ಮನೆಯನ್ನು ಮಾರಲು ಮನಸ್ಸು ಬರಲಿಲ್ಲ. (ಮಾರಿದ್ದರೆ ನೆಮ್ಮದಿಯಾಗಿ ಇರಬಹುದಿತ್ತು ಎಂದು ನನ್ನಾಕೆ ಈಗಲೂ ಹೇಳುತ್ತಾಳೆ.) ಹೀಗೆ ಯುಗಾದಿಗೆ ಸ್ವಲ್ಪ ಮುಂಚೆ ಒಂದು ಶನಿವಾರ ಬೆಳಗ್ಗೆ ಮನೆ ಮುಂದೆ "ಫಾರ್ ರೆಂಟ್" ಬೋರ್ಡು ನೆಟ್ಟು ನಾನೂ ಒಬ್ಬ "ಓನರ್" ಆಗಿಬಿಟ್ಟೆ.

ಓನರ್ ಆಗುವುದೆಂದರೆ ನಲ್ಲಿ ಸೋರಿದರೆ ಪ್ಲಂಬರನ್ನು ಕರೆಸುವುದು, ಏಸಿ ಕೆಟ್ಟರೆ ರಿಪೇರಿ ಮಾಡಿಸುವುದು, ತಿಂಗಳಾದರೆ ಬಾಡಿಗೆ ಎಣಿಸುವುದು, ಇಷ್ಟೇ ಅಂದುಕೊಂಡಿದ್ದೆ. ನಿಜವಾದ ಕಷ್ಟ ಅದಕ್ಕೂ ಮುಂಚೆಯೇ ಶುರುವಾಗುತ್ತದೆ. ಇರುವ ಮನೆ ಒಂದು, ಕೇಳಿಕೊಂಡು ಬಂದವರು ಹನ್ನೆರಡು ಮಂದಿ. ಅಂದರೆ ಹನ್ನೊಂದು ಜನಕ್ಕೆ "ಇಲ್ಲ" ಅನ್ನಲೇಬೇಕು. ಯಾರಿಗೂ ನೋವಾಗದ ಹಾಗೆ, ನಮ್ಮ ತಲೆಗೂ ತೊಂದರೆ ಸುತ್ತಿಕೊಳ್ಳದ ಹಾಗೆ ಅದನ್ನು ಹೇಳುವುದು ಹೇಗೆ? ನಮ್ಮ ಸಂಘದಲ್ಲಿ ಹಳೆಯ ಮನೆಯನ್ನು ಬಾಡಿಗೆಗೆ ಕೊಡುವ ಕುಟುಂಬಗಳು ಹೆಚ್ಚುತ್ತಿರುವುದರಿಂದ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವಕೀಲನಲ್ಲ. ಎಡವಿ ಬಿದ್ದು ಎದ್ದವನು, ಅಷ್ಟೆ.

ನಾನು ಮಾಡಿದ ತಪ್ಪು

ಬೋರ್ಡು ಹಾಕಿದ ಮರುದಿನವೇ ಒಂದು ಕುಟುಂಬ ಮನೆ ನೋಡಲು ಬಂತು. ಗಂಡ, ಹೆಂಡತಿ, ಮೂರು ಚಿಕ್ಕ ಮಕ್ಕಳು. ಮರ್ಯಾದಸ್ಥ ಜನ. ಆದರೆ ಕೊನೆಯ ಹುಡುಗ ಆಟದ ಕಾರನ್ನು ಹೊಸದಾಗಿ ಬಣ್ಣ ಬಳಿಸಿದ್ದ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಓಡಿಸಿದ. ಕಾರ್ಪೆಟ್ ಹಾಕಿಸಿ ಇನ್ನೂ ವಾರವಾಗಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯಿತು. ಸಂಜೆ ಆಕೆ ಫೋನ್ ಮಾಡಿ ಅರ್ಜಿ ಹೇಗೆ ಕೊಡಬೇಕು ಎಂದು ಕೇಳಿದರು. "ಸಾರಿ, ಮನೆ ಆಗಲೇ ಬೇರೆಯವರಿಗೆ ಹೋಯಿತು" ಅಂದೆ. ಎಷ್ಟು ನಯವಾಗಿ ಹೇಳಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಬುಧವಾರ ಬೇರೆ ನಂಬರಿನಿಂದ ಒಂದು ಫೋನ್ ಬಂತು. ಮನೆ ಇನ್ನೂ ಖಾಲಿ ಇದೆಯೇ ಎಂದು ಕೇಳಿದರು. "ಇದೆ, ಬಂದು ನೋಡಿ" ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಆಕೆ ನಿಧಾನವಾಗಿ ಹೇಳಿದರು: "ನಾನು ಭಾನುವಾರ ಬಂದು ಹೋದವಳು. ಬೋರ್ಡು ಇನ್ನೂ ಹಾಗೇ ಇತ್ತು, ಅದಕ್ಕೆ ಆಫೀಸಿನ ಫೋನಿನಿಂದ ಮಾಡಿದೆ. ಮಕ್ಕಳಿದ್ದಾರೆ ಅಂತ ಹಾಗೆ ಹೇಳಿದಿರಾ?"

ನನ್ನ ಬಾಯಿ ಕಟ್ಟಿಹೋಯಿತು. ಕ್ಷಮಿಸಿ, ದಯವಿಟ್ಟು ಅರ್ಜಿ ಕೊಡಿ ಎಂದು ತೊದಲಿದೆ. "ಬೇಡ, ಥ್ಯಾಂಕ್ಸ್" ಎಂದು ಫೋನ್ ಇಟ್ಟರು. ಅವರು ಎಲ್ಲಿಯೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 1996ರಲ್ಲಿ ನಾನು ಬೆಂಗಳೂರಿನ ವಿಜಯನಗರದಲ್ಲಿ ರೂಮು ಹುಡುಕುತ್ತಿದ್ದ ದಿನಗಳು ನೆನಪಾದವು. "ಯಾವ ಜನ?", "ಊಟ ಹೇಗೆ?", "ಮದುವೆ ಆಗಿದೆಯೋ?" ಎಂದೆಲ್ಲ ಕೇಳಿ, ಕೊನೆಗೆ "ನಿನ್ನೇನೇ ಕೊಟ್ಟುಬಿಟ್ವಲ್ಲಪ್ಪಾ" ಅನ್ನುತ್ತಿದ್ದರು. ಎರಡು ವಾರ ಬಿಟ್ಟು ಅದೇ ಬೀದಿಯಲ್ಲಿ ಹೋದರೆ "ಟು ಲೆಟ್" ಬೋರ್ಡು ಗೇಟಿನಲ್ಲಿ ತೂಗಾಡುತ್ತಲೇ ಇರುತ್ತಿತ್ತು. ಆಗ ಎಷ್ಟು ಸಿಟ್ಟು ಬಂದಿತ್ತೋ, ಈಗ ಅದೇ ಸುಳ್ಳನ್ನು ನಾನೇ ಹೇಳಿದ್ದೆ.

ನಮ್ಮ ಸಂಸ್ಕೃತಿಯಲ್ಲಿ ನೇರವಾಗಿ "ಇಲ್ಲ" ಅನ್ನುವ ರೂಢಿ ಕಡಿಮೆ. ಹೊರಡುವಾಗಲೂ "ಹೋಗ್ತೀನಿ" ಅನ್ನದೆ "ಬರ್ತೀನಿ" ಅನ್ನುವ ಜನ ನಾವು. "ನೋಡೋಣ", "ಮನೆಯಲ್ಲಿ ಕೇಳಿ ಹೇಳ್ತೀನಿ", "ಆಗಲೇ ಕೊಟ್ಟಾಯ್ತಲ್ಲ", ಇವೆಲ್ಲ ನಮಗೆ ಸೌಜನ್ಯದ ಮಾತುಗಳು. ಬಾಡಿಗೆಯ ವಿಷಯದಲ್ಲಿ ಮಾತ್ರ ಇವು ಸೌಜನ್ಯವೂ ಅಲ್ಲ, ಕ್ಷೇಮವೂ ಅಲ್ಲ. ಏಕೆ ಅನ್ನುವುದಕ್ಕೆ ಇಲ್ಲಿಯ ಕಾನೂನನ್ನು ಸ್ವಲ್ಪ ನೋಡಬೇಕು.

ಕಾನೂನು ಏನು ಹೇಳುತ್ತದೆ?

ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದದ್ದು 1968ರ ಏಪ್ರಿಲ್ 4ರಂದು. ಅದಾದ ಒಂದೇ ವಾರಕ್ಕೆ, ಏಪ್ರಿಲ್ 11ರಂದು, ನಮ್ಮ ಟೆಕ್ಸಾಸಿನವರೇ ಆದ ಅಧ್ಯಕ್ಷ ಲಿಂಡನ್ ಜಾನ್ಸನ್ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಹಾಕಿದರು. ಜನಾಂಗ, ಬಣ್ಣ, ಧರ್ಮ, ಮೂಲದೇಶ, ಇವುಗಳ ಕಾರಣಕ್ಕೆ ಯಾರಿಗೂ ಮನೆ ನಿರಾಕರಿಸಬಾರದು ಎಂದು ಅದು ಹೇಳಿತು. 1974ರಲ್ಲಿ ಲಿಂಗಭೇದವೂ, 1988ರಲ್ಲಿ ಅಂಗವೈಕಲ್ಯ ಮತ್ತು 18 ವರ್ಷದೊಳಗಿನ ಮಕ್ಕಳಿರುವುದೂ ಈ ಪಟ್ಟಿಗೆ ಸೇರಿದವು. ನಾನು ಎಡವಿದ್ದು ಈ ಕೊನೆಯದರಲ್ಲಿ.

ಇನ್ನೂ ಒಂದು ಸಂಗತಿ ಇದೆ. ಈ ಕಾರಣಗಳಿಗಾಗಿ, ಖಾಲಿ ಇರುವ ಮನೆಯನ್ನು ಖಾಲಿ ಇಲ್ಲ ಎಂದು ಹೇಳುವುದೇ ಆ ಕಾಯ್ದೆಯಲ್ಲಿ ಬೇರೆಯಾಗಿ ನಮೂದಾಗಿರುವ ತಪ್ಪು. ವರ್ಜೀನಿಯಾದ ರಿಚ್ಮಂಡ್ ಬಳಿ ಒಬ್ಬ ಕಪ್ಪು ಮಹಿಳೆಗೆ ಅಪಾರ್ಟ್‌ಮೆಂಟ್ ಖಾಲಿ ಇಲ್ಲವೆಂದೂ, ಬಿಳಿಯರೊಬ್ಬರಿಗೆ ಇದೆಯೆಂದೂ ಹೇಳಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಬ್ಬರೂ ನಿಜವಾಗಿ ಮನೆ ಬೇಕಾಗಿದ್ದವರಲ್ಲ, ಪರೀಕ್ಷಿಸಲೆಂದೇ ಹೋಗಿದ್ದವರು. ಆದರೂ ಸುಳ್ಳು ಕೇಳಿಸಿಕೊಂಡ ಆ ಮಹಿಳೆ ಮೊಕದ್ದಮೆ ಹೂಡಬಹುದು ಎಂದು 1982ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಅಂದರೆ ನಾನು ನಯವಾಗಿ ಹೇಳಿದೆ ಅಂದುಕೊಂಡ ಮಾತೇ ಇಲ್ಲಿ ಅಪರಾಧದ ಮಾತು!

ಸ್ವಂತ ಹೆಸರಿನಲ್ಲಿ ಮೂರಕ್ಕಿಂತ ಹೆಚ್ಚು ಒಂಟಿ ಮನೆ ಇಲ್ಲದವರು ಏಜೆಂಟ್ ಇಲ್ಲದೆ ಬಾಡಿಗೆಗೆ ಕೊಟ್ಟರೆ ಕೆಲವು ವಿನಾಯಿತಿಗಳಿವೆ ಎಂದು ಕೆಲವರು ಹೇಳುವುದುಂಟು. ಹೌದು, ಇವೆ. ನೀವೇ ವಾಸವಿರುವ ಮನೆಯಲ್ಲಿ ಒಂದು ಕೋಣೆ ಕೊಡುವುದಕ್ಕೂ ಬೇರೆ ನಿಯಮಗಳಿವೆ. ಆದರೆ ಜಾಹೀರಾತಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ರಿಯಲ್ಟರ್ ಇಟ್ಟುಕೊಂಡರೆ ಒಂಟಿ ಮನೆಯ ವಿನಾಯಿತಿಯೂ ಹೋಯಿತು. ಜನಾಂಗದ ಕಾರಣಕ್ಕೆ ನಿರಾಕರಿಸುವುದಕ್ಕಂತೂ 1866ರ ಹಳೆಯ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಯಾವ ವಿನಾಯಿತಿಯೂ ಇಲ್ಲ. ಇಷ್ಟು ಸಣ್ಣ ಕಿಂಡಿಯನ್ನು ನಂಬಿ ಕೂರುವುದು ಜಾಣತನವಲ್ಲ.

ಜಾಹೀರಾತಿನ ಮಾತು ಬಂದಿದ್ದರಿಂದ ಹೇಳುತ್ತೇನೆ. "ಇಂಡಿಯನ್ ಫ್ಯಾಮಿಲಿಗೆ ಮಾತ್ರ" ಎಂದು ಬರೆದರೆ ಅದು ಮೂಲದೇಶದ ಭೇದ. ನಮ್ಮವರಿಗೇ ಕಳಿಸುವ ಇಮೇಲಿನಲ್ಲಿ ಬರೆದರೂ ಅಷ್ಟೇ. "ವೆಜಿಟೇರಿಯನ್ಸ್ ಓನ್ಲಿ" ಎನ್ನುವುದು ಕಾಯ್ದೆಯ ಪಟ್ಟಿಯಲ್ಲಿಲ್ಲ, ನಿಜ. ಆದರೆ ಅದು ಧರ್ಮವನ್ನೋ ದೇಶವನ್ನೋ ಸೂಚಿಸುವ ಗುಟ್ಟಿನ ಮಾತು ಎಂದು ಯಾರಾದರೂ ವಾದಿಸಿದರೆ ಉತ್ತರ ಹೇಳುತ್ತಾ ಕೂರಬೇಕು. ಮನೆಯನ್ನು ಬಣ್ಣಿಸಿ, ಬಾಡಿಗೆಗೆ ಬರುವವರನ್ನು ಬಣ್ಣಿಸಬೇಡಿ. ಮೂರು ಬೆಡ್‌ರೂಮು, ಎರಡು ಕಾರಿನ ಗ್ಯಾರೇಜು, ಮನೆಯೊಳಗೆ ಸಿಗರೇಟು ಸೇದುವಂತಿಲ್ಲ ಎಂದು ಬರೆಯಿರಿ, ಸಾಕು.

ಮೊದಲು ಪಟ್ಟಿ, ಆಮೇಲೆ ಬೋರ್ಡು

ಹಾಗಾದರೆ ಯಾರಿಗೂ ಇಲ್ಲ ಅನ್ನಬಾರದೇ? ಖಂಡಿತ ಅನ್ನಬಹುದು. ಬಾಡಿಗೆ ಕಟ್ಟಲಾಗದವರಿಗೆ, ಹಿಂದಿನ ಮನೆಯಲ್ಲಿ ಬಾಡಿಗೆ ಬಾಕಿ ಉಳಿಸಿ ಬಂದವರಿಗೆ, ಅರ್ಜಿಯಲ್ಲಿ ಸುಳ್ಳು ಬರೆದವರಿಗೆ ಇಲ್ಲ ಅನ್ನುವ ಹಕ್ಕು ನಿಮಗಿದೆ. ಆದರೆ ಆ ಕಾರಣ ಮನುಷ್ಯರು ಬರುವ ಮುಂಚೆಯೇ ಕಾಗದದ ಮೇಲೆ ಇರಬೇಕು. ಮುಖ ನೋಡಿದ ಮೇಲೆ ಹುಟ್ಟುವ ಕಾರಣಗಳನ್ನು ನಂಬಬಾರದು. ನನ್ನ ಗೋಡೆ ಮತ್ತು ಕಾರ್ಪೆಟ್ಟಿನ ಕಾರಣ ಹುಟ್ಟಿದ್ದು ಹಾಗೆಯೇ.

ನಮ್ಮ ಟೆಕ್ಸಾಸಿನಲ್ಲಿ ಇದು ಬರೀ ಬುದ್ಧಿಮಾತಲ್ಲ, ಕಾನೂನೇ ಇದೆ. ರಾಜ್ಯದ ಪ್ರಾಪರ್ಟಿ ಕೋಡಿನ ಪ್ರಕಾರ ಅರ್ಜಿ ಫಾರಂ ಕೊಡುವಾಗಲೇ, ಬಾಡಿಗೆದಾರರನ್ನು ಯಾವ ಆಧಾರದ ಮೇಲೆ ಆರಿಸುತ್ತೀರಿ, ಯಾವ ಕಾರಣಕ್ಕೆ ಅರ್ಜಿ ತಿರಸ್ಕರಿಸಬಹುದು ಎನ್ನುವ ಮುದ್ರಿತ ಪಟ್ಟಿಯನ್ನೂ ಒದಗಿಸಬೇಕು. ಪಟ್ಟಿ ಒದಗಿಸದೆ ಅರ್ಜಿ ತಿರಸ್ಕರಿಸಿದರೆ ಅರ್ಜಿ ಶುಲ್ಕವನ್ನೂ, ಅರ್ಜಿಯ ಜೊತೆ ಪಡೆದ ಡಿಪಾಸಿಟ್ಟನ್ನೂ ವಾಪಸು ಕೊಡಬೇಕಾಗುತ್ತದೆ. ಆ ರಾತ್ರಿ ನಿದ್ದೆಗೆಟ್ಟ ಮೇಲೆ ಬೋರ್ಡು ತೆಗೆದು, ನಾನೂ ನನ್ನಾಕೆಯೂ ಅಡಿಗೆಮನೆಯ ಮೇಜಿನ ಮೇಲೆ ಕೂತು ಒಂದೇ ಪುಟದ ಪಟ್ಟಿ ಮಾಡಿದೆವು:

1. ಆದಾಯ: ತಿಂಗಳ ಬಾಡಿಗೆಯ ಮೂರರಷ್ಟು. ಬಾಡಿಗೆ 2,000 ಡಾಲರ್ ಆದರೆ ಆದಾಯ 6,000 ಇರಬೇಕು. ಇಲ್ಲಿ ಬಹಳ ಕಡೆ ಬಳಕೆಯಲ್ಲಿರುವ ಲೆಕ್ಕ ಇದು.

2. ಹಿಂದಿನ ಮನೆ: ಕಳೆದ ಎರಡು ವರ್ಷದಲ್ಲಿ ಬಾಡಿಗೆ ಬಾಕಿ ಇರಬಾರದು. ಹಿಂದಿನ ಓನರ್ ಜೊತೆ ಮಾತಾಡುತ್ತೇವೆ.

3. ಕ್ರೆಡಿಟ್ ರಿಪೋರ್ಟ್: ಎಲ್ಲ ವಯಸ್ಕರದ್ದೂ ನೋಡುತ್ತೇವೆ. ಕ್ರೆಡಿಟ್ ಇತಿಹಾಸವೇ ಇಲ್ಲದವರು ಕೆಲಸದ ಆಫರ್ ಲೆಟರ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ನೊಂದು ತಿಂಗಳ ಡಿಪಾಸಿಟ್ ಕೊಡಬಹುದು.

4. ಜನಸಂಖ್ಯೆ: ಒಂದು ಬೆಡ್‌ರೂಮಿಗೆ ಇಬ್ಬರ ಲೆಕ್ಕ. ಕೇಂದ್ರ ಸರ್ಕಾರದ ವಸತಿ ಇಲಾಖೆ ಸಾಮಾನ್ಯವಾಗಿ ಒಪ್ಪಿಕೊಂಡು ಬಂದ ಅಳತೆ ಇದು.

5. ಸಾಕುಪ್ರಾಣಿ: ಒಂದು ಇರಬಹುದು, ಪ್ರತ್ಯೇಕ ಡಿಪಾಸಿಟ್ ಇದೆ. ಅಂಗವಿಕಲರಿಗೆ ನೆರವಾಗುವ ಪ್ರಾಣಿ ಈ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ದುಡ್ಡು ಕೇಳುವಂತಿಲ್ಲ.

6. ಅರ್ಜಿಗಳನ್ನು ಬಂದ ಕ್ರಮದಲ್ಲೇ ನೋಡುತ್ತೇವೆ. ಇವೆಲ್ಲಕ್ಕೂ ಹೊಂದುವ ಮೊದಲನೆಯವರಿಗೆ ಮನೆ.

ಮೂರನೆಯದನ್ನು ಬರೆಯುವಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದಿಳಿದಾಗ ನಮಗೂ ಕ್ರೆಡಿಟ್ ಇತಿಹಾಸ ಇರಲಿಲ್ಲ. ಆದರೆ ಈ ಅನುಕೂಲ ಭಾರತದಿಂದ ಬಂದವರಿಗೆ ಮಾತ್ರ ಅಂತ ಇಟ್ಟರೆ ಮತ್ತೆ ಅದೇ ತಪ್ಪು. ಕ್ರೆಡಿಟ್ ಇಲ್ಲದ ಯಾರಿಗಾದರೂ ಅನ್ವಯವಾಗಬೇಕು. ವೀಸಾ ಕಾಗದದ ವಿಷಯವೂ ಹಾಗೆಯೇ, ಕೇಳಿದರೆ ಎಲ್ಲರನ್ನೂ ಕೇಳಬೇಕು.

ಇನ್ನು ಗೋಡೆ, ಕಾರ್ಪೆಟ್ಟಿನ ಭಯ. ಅದಕ್ಕೆ ಮದ್ದು ಸೆಕ್ಯುರಿಟಿ ಡಿಪಾಸಿಟ್ ಮತ್ತು ಕರಾರುಪತ್ರ. ಮನೆ ಕೊಡುವ ದಿನ ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಸಾಮಾನ್ಯ ಬಳಕೆಯ ಸವೆತಕ್ಕೆ ಹಣ ಹಿಡಿಯುವಂತಿಲ್ಲ. ಅದಕ್ಕಿಂತ ಹೆಚ್ಚಿನ ಹಾನಿಯಾದರೆ ಡಿಪಾಸಿಟ್ಟಿನಲ್ಲಿ ಹಿಡಿಯಬಹುದು. ಮಕ್ಕಳಿಲ್ಲದವರೂ ಗೋಡೆ ಹಾಳು ಮಾಡುತ್ತಾರೆ ಸ್ವಾಮಿ!

"ಇಲ್ಲ" ಅನ್ನುವ ಮೂರು ಘಟ್ಟಗಳು

ಮೊದಲನೆಯದು ಫೋನಿನಲ್ಲಿ. ಯಾರು ಕರೆ ಮಾಡಿದರೂ ನಾನು ಮೊದಲು ಪಟ್ಟಿಯ ಮುಖ್ಯ ಅಂಶಗಳನ್ನು ಹೇಳಿಬಿಡುತ್ತಿದ್ದೆ. ಬಾಡಿಗೆ ಇಷ್ಟು, ಆದಾಯ ಇಷ್ಟು ಬೇಕು, ಇಂಥ ತಾರೀಖಿಗೆ ಖಾಲಿ, ಒಳಗೆ ಸಿಗರೇಟು ಇಲ್ಲ. ಹೊಂದದವರು ಅಲ್ಲಿಯೇ "ನಮಗೆ ಆಗಲ್ಲ, ಥ್ಯಾಂಕ್ಸ್" ಎಂದು ತಾವೇ ಬಿಟ್ಟುಬಿಡುತ್ತಾರೆ. ಹನ್ನೆರಡರಲ್ಲಿ ಐದು ಜನ ಹೀಗೆ ಹೋದರು. ಅವರು ತಾವೇ ಹೇಳುವ "ಬೇಡ"ಕ್ಕಿಂತ ನಯವಾದ "ಇಲ್ಲ" ಇನ್ನೊಂದಿಲ್ಲ. ಅಂದಹಾಗೆ, "ಮಕ್ಕಳು ಎಷ್ಟು?", "ಯಾವ ದೇಶದವರು?", "ಯಾವ ಚರ್ಚಿಗೆ ಹೋಗುತ್ತೀರಿ?" ಎಂದು ಕುಶಲೋಪರಿಗೂ ಕೇಳಬೇಡಿ. "ಒಟ್ಟು ಎಷ್ಟು ಜನ ಇರುತ್ತೀರಿ?" ಅಂದರೆ ಸಾಕು.

ಎರಡನೆಯದು ಮನೆ ನೋಡಿಹೋದ ಮೇಲೆ. ಇಲ್ಲಿ ನಿಮ್ಮ ಅಭಿಪ್ರಾಯ ಹೇಳಲೇಬೇಡಿ. "ಸಂತೋಷ, ಇದು ಅರ್ಜಿ, ಇದು ಪಟ್ಟಿ. ಅರ್ಜಿಗಳನ್ನು ಬಂದ ಕ್ರಮದಲ್ಲಿ ನೋಡುತ್ತೇನೆ" ಅನ್ನಿ. ಎಲ್ಲರಿಗೂ ಅದೇ ಮಾತು, ಅದೇ ಕಾಗದ. ನಿಮಗೆ ಹಿಡಿಸಿದವರಿಗೆ "ಮನೆ ನಿಮಗೇ" ಎಂದು ಬಾಯಿಮಾತು ಕೊಡುವುದೂ ತಪ್ಪೇ.

ಮೂರನೆಯದು ಅರ್ಜಿ ನೋಡಿದ ಮೇಲೆ. ಇಲ್ಲಿ ಬೇಗ ಹೇಳಬೇಕು, ಬರೆದು ಹೇಳಬೇಕು, ನಿಜ ಹೇಳಬೇಕು. ಟೆಕ್ಸಾಸಿನಲ್ಲಿ ಪೂರ್ತಿ ಅರ್ಜಿ ಕೈಸೇರಿದ 7 ದಿನದೊಳಗೆ ಒಪ್ಪಿದ್ದೇನೆ ಎಂದು ತಿಳಿಸದಿದ್ದರೆ ಅದು ತಿರಸ್ಕಾರವೆಂದೇ ಲೆಕ್ಕ. ಆದರೆ ಸುಮ್ಮನಿದ್ದು ತಿರಸ್ಕರಿಸುವುದು ಮರ್ಯಾದೆಯಲ್ಲ. ನಿಮ್ಮ ಉತ್ತರ ಕಾಯುತ್ತಾ ಅವರು ಇನ್ನೊಂದು ಮನೆ ಕೈತಪ್ಪಿಸಿಕೊಳ್ಳಬಹುದು. ನಾನು ಕಳಿಸಿದ ಪತ್ರದ ಸಾರ ಇಷ್ಟೇ:

"ನಮ್ಮ ಮನೆಯಲ್ಲಿ ಆಸಕ್ತಿ ತೋರಿಸಿದ್ದಕ್ಕೆ ವಂದನೆಗಳು. ಅರ್ಜಿಯ ಜೊತೆ ಕೊಟ್ಟ ಪಟ್ಟಿಯ ಮೊದಲನೆಯ ಅಂಶಕ್ಕೆ, ಅಂದರೆ ಆದಾಯಕ್ಕೆ, ನಿಮ್ಮ ಅರ್ಜಿ ಹೊಂದುತ್ತಿಲ್ಲವಾದ್ದರಿಂದ ಮನೆ ಕೊಡಲಾಗುತ್ತಿಲ್ಲ. ನಿಮಗೆ ಬೇಗ ಒಳ್ಳೆಯ ಮನೆ ಸಿಗಲಿ."

ಇಷ್ಟೇ ಸಾಕು. ಉದ್ದುದ್ದ ಕ್ಷಮಾಪಣೆ, "ನನ್ನ ಹೆಂಡತಿ ಒಪ್ಪುತ್ತಿಲ್ಲ" ಎಂಬ ಕಥೆ, "ಮುಂದಿನ ವರ್ಷ ನೋಡೋಣ" ಎಂಬ ಆಸೆ, ಯಾವುದೂ ಬೇಡ. ನಿಮಗಿಂತ ಮುಂಚೆ ಅರ್ಜಿ ಕೊಟ್ಟವರು ಹೊಂದಿದ್ದರೆ ಅದನ್ನೇ ಬರೆಯಿರಿ. ಆಗ ಮನೆ ನಿಜವಾಗಿಯೂ ಹೋಗಿರುತ್ತದೆ!

ಕ್ರೆಡಿಟ್ ಅಥವಾ ಹಿನ್ನೆಲೆಯ ರಿಪೋರ್ಟಿನಲ್ಲಿ ಕಂಡದ್ದು ಕಾರಣವಾಗಿದ್ದರೆ ಇನ್ನೂ ಒಂದು ಕರ್ತವ್ಯವಿದೆ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ ಅರ್ಜಿದಾರರಿಗೆ ನೋಟಿಸು ಕೊಡಬೇಕು. ಅದರಲ್ಲಿ ರಿಪೋರ್ಟ್ ಕೊಟ್ಟ ಏಜೆನ್ಸಿಯ ಹೆಸರು, ವಿಳಾಸ, ಫೋನ್ ನಂಬರು ಇರಬೇಕು. ನಿರ್ಧಾರ ಆ ಏಜೆನ್ಸಿಯದಲ್ಲ ಎಂದೂ, 60 ದಿನದೊಳಗೆ ಕೇಳಿದರೆ ರಿಪೋರ್ಟಿನ ಉಚಿತ ಪ್ರತಿ ಸಿಗುತ್ತದೆ ಎಂದೂ, ತಪ್ಪಿದ್ದರೆ ತಕರಾರು ಸಲ್ಲಿಸಬಹುದು ಎಂದೂ ತಿಳಿಸಬೇಕು. ಕ್ರೆಡಿಟ್ ಸ್ಕೋರ್ ನೋಡಿ ನಿರ್ಧರಿಸಿದ್ದರೆ ಆ ಸ್ಕೋರನ್ನೂ ಹೇಳಬೇಕು. ರಿಪೋರ್ಟ್ ನೋಡಿ ಹೆಚ್ಚು ಡಿಪಾಸಿಟ್ ಕೇಳಿದರೂ ಈ ನೋಟಿಸು ಬೇಕು. ಇದು ಬರೀ ಕಾಗದದ ಕಾಟವಲ್ಲ. ಯಾರದೋ ಸಾಲ ತಮ್ಮ ಹೆಸರಿಗೆ ತಪ್ಪಾಗಿ ಸೇರಿಕೊಂಡಿದೆ ಎಂದು ಒಬ್ಬ ಮನುಷ್ಯನಿಗೆ ಗೊತ್ತಾಗುವುದು ಈ ನೋಟಿಸಿನಿಂದಲೇ ಇರಬಹುದು.

ತಿರಸ್ಕರಿಸಿದ ಅರ್ಜಿಗಳನ್ನು ತಕ್ಷಣ ಹರಿದು ಹಾಕಬೇಡಿ. ವಸತಿ ಇಲಾಖೆಗೆ ಒಂದು ವರ್ಷದವರೆಗೆ ದೂರು ಕೊಡಬಹುದು, ಕೋರ್ಟಿಗೆ ಎರಡು ವರ್ಷದವರೆಗೆ ಹೋಗಬಹುದು. ಅಲ್ಲಿಯವರೆಗೆ ಬೀಗ ಹಾಕಿಡಿ, ಆಮೇಲೆ ಷ್ರೆಡರಿಗೆ ಹಾಕಿ. ಬೇರೆ ರಾಜ್ಯದಲ್ಲಿ ಮನೆ ಇದ್ದರೆ ಅಲ್ಲಿಯ ನಿಯಮ ನೋಡಿಕೊಳ್ಳಿ. ಉದಾಹರಣೆಗೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಸರ್ಕಾರದ ಬಾಡಿಗೆ ವೋಚರ್ ಇದೆ ಎನ್ನುವ ಕಾರಣಕ್ಕೆ ನಿರಾಕರಿಸುವಂತಿಲ್ಲ.

ನಮ್ಮವರಿಗೆ ಇಲ್ಲ ಅನ್ನುವುದು

ಇದಿಷ್ಟೂ ಅಪರಿಚಿತರ ಮಾತಾಯಿತು. ಹೆಚ್ಚು ಕಷ್ಟದ್ದು ಇನ್ನೊಂದಿದೆ. ಯುಗಾದಿ ಊಟದ ದಿನ ನಮ್ಮ ಸಂಘದವರೇ ಒಬ್ಬರು ಪಕ್ಕದಲ್ಲಿ ಕೂತು, "ಸಾರ್, ನಿಮ್ಮ ಮನೆ ನಮಗೇ ಕೊಡಿ. ಮಕ್ಕಳಿಗೆ ಸ್ಕೂಲ್ ಹತ್ರ ಆಗತ್ತೆ" ಅಂದರು. ಒಳ್ಳೆಯ ಮನುಷ್ಯ. ನಾಟಕದ ದಿನ ರಾತ್ರಿ ಕುರ್ಚಿ ಎತ್ತಿಡಲು ಕೊನೆಯವರೆಗೂ ನಿಲ್ಲುವವರು. ಅರ್ಜಿ ತಂದುಕೊಟ್ಟರು. ಆದಾಯ ಬಾಡಿಗೆಯ ಎರಡೂವರೆ ಪಟ್ಟೂ ಆಗುತ್ತಿರಲಿಲ್ಲ.

ಎರಡು ದಿನ "ನೋಡೋಣ" ಎಂದು ಎಳೆಯುವ ಆಸೆಯಾಯಿತು. ಮೂರು ಮಕ್ಕಳ ತಾಯಿಯ ದನಿ ನೆನಪಾಗಿ ಫೋನ್ ಮಾಡಿಯೇ ಬಿಟ್ಟೆ. "ನೋಡಿ, ಪಟ್ಟಿಯಲ್ಲಿ ಬರೆದ ಹಾಗೆ ಆದಾಯ ಸಾಲ್ತಾ ಇಲ್ಲ. ಮೊನ್ನೆ ಇನ್ನೊಬ್ಬರಿಗೆ ಇದೇ ಕಾರಣಕ್ಕೆ ಇಲ್ಲ ಅಂದಿದ್ದೀನಿ. ಈಗ ನಿಮಗೆ ಹೂಂ ಅಂದ್ರೆ ಅವರಿಗೆ ಮೋಸ ಮಾಡಿದ ಹಾಗೆ. ಬೇಜಾರು ಮಾಡ್ಕೋಬೇಡಿ" ಅಂದೆ.

"ನಾವೇನು ಬಾಡಿಗೆ ಕೊಡದೆ ಓಡಿಹೋಗ್ತೀವಾ ಸಾರ್? ನಮ್ಮವರು ಅಂತ ಕೇಳಿದೆ. ಇರ್ಲಿ ಬಿಡಿ" ಅಂದರು. ಸುತ್ತಮುತ್ತ ಕಡಿಮೆ ಬಾಡಿಗೆಯ ಎರಡು ಮನೆಗಳ ವಿವರ ಕಳಿಸಿದೆ. ಉತ್ತರ ಬರಲಿಲ್ಲ.

ಬೇಜಾರು ಮಾಡಿಕೊಂಡರೇ? ಹೌದು. ಬೇಸಿಗೆಯ ಪಿಕ್‌ನಿಕ್ಕಿನಲ್ಲಿ ದೂರದಿಂದಲೇ ತಲೆಯಾಡಿಸಿದರು. ದೀಪಾವಳಿಯ ಹೊತ್ತಿಗೆ ಬಂದು ಮಾತಾಡಿಸಿದರು. ಮೊದಲಿನ ಸಲಿಗೆ ಇನ್ನೂ ಬಂದಿಲ್ಲ. ನಿಜ ಹೇಳಿದರೆ ಎಲ್ಲರೂ ಖುಷಿಯಾಗುತ್ತಾರೆ ಎಂದು ನಾನು ಹೇಳಲಾರೆ. ಆದರೆ ಅವರ ಎದುರು ನಿಂತು, ಮುಖ ನೋಡಿ ನಾನು ಮಾತಾಡಬಲ್ಲೆ. ಆ ಮೂರು ಮಕ್ಕಳ ತಾಯಿ ಅಂಗಡಿಯಲ್ಲಿ ಎದುರಾದರೆ ನನ್ನಿಂದ ಅದು ಆಗುವುದಿಲ್ಲ.

ಮನೆ ಕೊನೆಗೆ ಸಿಕ್ಕಿದ್ದು ಅರ್ಜಿಯ ಕ್ರಮದಲ್ಲಿ ನಾಲ್ಕನೆಯವರಾದ, ಎರಡು ಮಕ್ಕಳ ಒಂದು ಕುಟುಂಬಕ್ಕೆ. ಬಾಡಿಗೆ ಪ್ರತಿ ತಿಂಗಳೂ 1ನೇ ತಾರೀಖಿಗೆ ಬರುತ್ತಿದೆ. ಗೋಡೆ ಹೇಗಿದೆಯೋ, ನಾನು ಕೇಳಿಲ್ಲ.

ನಮ್ಮ ಒಂದು ಪುಟದ ಪಟ್ಟಿಯ ಪ್ರತಿ ಬೇಕಾದವರು ಮುಂದಿನ ಕಾರ್ಯಕ್ರಮದಲ್ಲಿ ಸಿಕ್ಕಾಗ ಕೇಳಿ, ಕೊಡುತ್ತೇನೆ. ಬಳಸುವ ಮುಂಚೆ ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿಕೊಳ್ಳಿ. ನಿಮ್ಮ ಅನುಭವಗಳಿದ್ದರೆ ನೀವೂ ಬರೆದು ಕಳಿಸಿ.